ಸಿಸ್ಟರ್ ಅವರ ತಾಯಿ

ಬೂದಿ ಬುಧವಾರದ ಬೆಳಗಿನ ಪೂಜೆಯನ್ನು ಚರ್ಚಿನಲ್ಲಿ ಮುಗಿಸಿಕೊಂಡು, ಹಣೆಯ ಮೇಲಿನ ಬೂದಿಯ ಗುರುತು ಅಳಿಸದಂತೆ ಸೆರಗನ್ನು ಹಿಂದಕ್ಕೆ ಸರಿಸಿಕೊಂಡು ಜಪಮಾಲಮ್ಮ ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತ್ತು. ಅದರಿಂದ ಇಳಿದವಳು ಅವಳ ಮಗಳು ಲೂರ್ದು ಮೇರಿ. ಹನ್ನೊಂದು ವರ್ಷದ ಹಿಂದೆ ಕಾನ್ವೆಂಟ್ ಸೇರಿದ ಮಗಳು, ಬಿಳಿಯ ಉಡುಪು ತಲೆಯ ಮೇಲಿನ ಮುಸುಕು ಎರಡೂ ಇಲ್ಲದೆ, ಕಾಫಿ ಬಣ್ಣದ ಚೂಡಿದಾರ ಹಾಕಿಕೊಂಡು, ಒಂದೇ ಒಂದು ಬ್ಯಾಗು ಹಿಡಿದು ನಿಂತಿದ್ದಳು.

"ಯಾರಾದ್ರೂ ನೋಡಿದ್ರಾ?" ಎಂದಳು ಜಪಮಾಲಮ್ಮ.

"ಆಟೋದವನು ನೋಡಿದ" ಎಂದಳು ಲೂರ್ದು.

ಹರಿಹರದ ರೈಲ್ವೆ ಸ್ಟೇಷನ್ನಿನ ಹಿಂಬದಿಯ ಓಣಿಯಲ್ಲಿ ಅವರದು ಎರಡು ಕೋಣೆ, ಒಂದು ನಡುಮನೆಯ ಮನೆ. ಜಪಮಾಲಮ್ಮನ ಗಂಡ ಚೌರಪ್ಪ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಮಾಡಿ ನಿವೃತ್ತನಾದವನು. ಮಗ ರಾಜಕುಮಾರ್ ಸಿಸ್ಟರ್‌ಗಳು ನಡೆಸುವ ಶಾಲೆಯೊಂದರ ವ್ಯಾನು ಓಡಿಸುತ್ತಿದ್ದ. ಸೊಸೆ ಶಾಂತಲಾ, ನಾಲ್ಕು ವರ್ಷದ ಮೊಮ್ಮಗಳು ಅನು. ಇಷ್ಟು ಜನರ ಮನೆಯಲ್ಲಿ ಇಲ್ಲದೆಯೂ ಎಲ್ಲರಿಗಿಂತ ಹೆಚ್ಚು ಇದ್ದವಳು ಲೂರ್ದು. ನಡುಮನೆಯ ಗೋಡೆಯ ಮೇಲೆ ಅವಳು ಮೊದಲ ವ್ರತ ತೆಗೆದುಕೊಂಡ ದಿನದ ದೊಡ್ಡ ಫೋಟೋ ಇತ್ತು. ಫೋನಿನಲ್ಲಿ ಹೆತ್ತ ತಾಯಿಯೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದಳು. ಚರ್ಚಿನಲ್ಲಿ ಜಪಮಾಲಮ್ಮನಿಗೆ ಮುಂದಿನ ಸಾಲು. ಮಂಗಳವಾರ ಮಂಗಳವಾರ ಮನೆಮನೆಗೆ ಹೋಗಿ ಜಪಸರ ಹೇಳಿಸುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಪರೀಕ್ಷೆಗೆ ಕೂತ ಮಕ್ಕಳು, ಆಪರೇಷನ್‌ಗೆ ಹೊರಟವರು ಅವಳ ಹತ್ತಿರ ಬಂದು, "ನಿಮ್ಮ ಮಗಳಿಗೆ ಒಂದು ಮಾತು ಹೇಳ್ರಿ, ಜಪ ಮಾಡ್ಲಿ" ಎನ್ನುತ್ತಿದ್ದರು. ಅವಳ ಹೆಸರು ಅರ್ಧ ಊರಿಗೆ ಗೊತ್ತಿರಲಿಲ್ಲ. ಸಿಸ್ಟರ್ ಅವರ ತಾಯಿ ಅಂದರೆ ಸಾಕಾಗಿತ್ತು.

ಒಳಗೆ ಬಂದು ಕೂತ ಮಗಳನ್ನು, "ಊಟ ಆಗೈತೇನವ್ವ?" ಎಂದು ಕೇಳಿದವನು ಚೌರಪ್ಪ ಒಬ್ಬನೇ.

"ಇವತ್ತು ಒಂದೊತ್ತು ಉಪವಾಸ ಅಲ್ಲೇನಪ್ಪ. ಮಧ್ಯಾಹ್ನ ಎಲ್ಲರ ಜೊತೆ ಮಾಡ್ತೀನಿ."

"ಎಷ್ಟು ದಿನ ರಜಾ ಕೊಟ್ಟಾರೆ?" ಎಂದಳು ಜಪಮಾಲಮ್ಮ. ಉತ್ತರ ಅವಳಿಗೆ ಗೊತ್ತಾಗಿತ್ತು. ಆದರೂ ಕೇಳಿದಳು.

"ರಜಾ ಅಲ್ಲವ್ವ. ಬಿಟ್ಟು ಬಂದೀನಿ."

"ಯಾರು ಏನಂದ್ರು ನಿನಗೆ?"

"ಯಾರೂ ಏನೂ ಅನ್ಲಿಲ್ಲ. ಮದರ್ ಇನ್ನೊಂದು ವರ್ಷ ಯೋಚನೆ ಮಾಡು ಅಂದ್ರು. ಮಾಡಿದೆ. ಈ ಮೇ ತಿಂಗಳಲ್ಲಿ ನಿತ್ಯವ್ರತ ಇತ್ತು. ಪೀಠದ ಮುಂದೆ ನಿಂತು, ಸಾಯೋತನಕ ಹಿಂಗೇ ಇರ್ತೀನಿ, ಸಂತೋಷದಿಂದ ಇರ್ತೀನಿ ಅಂತ ಮಾತು ಕೊಡಬೇಕು. ಎರಡು ವರ್ಷ ಆತವ್ವ, ಜಪಕ್ಕೆ ಕೂತ್ರೆ ಗೋಡೆ ಮುಂದೆ ಕೂತಂಗೆ ಆಗ್ತೈತೆ. ಕೆಲ್ಸ ಮಾಡ್ತೀನಿ, ಹಾಡ್ತೀನಿ, ಒಳಗೆ ಏನೂ ಇಲ್ಲ. ದೇವರ ಮುಂದೆ ಸುಳ್ಳು ಹೆಂಗೆ ಹೇಳ್ಲಿ?"

ಮಧ್ಯಾಹ್ನದ ಊಟಕ್ಕೆ ಅನ್ನ, ತಿಳಿಸಾರು ಬಿಟ್ಟರೆ ಏನೂ ಇರಲಿಲ್ಲ. ರಾಜಕುಮಾರ್ ವ್ಯಾನು ನಿಲ್ಲಿಸಿ ಬಂದು ಅಕ್ಕನನ್ನು ನೋಡಿ, ವಿಷಯ ಕೇಳಿ, ತಟ್ಟೆಯ ಮುಂದೆ ಹಾಗೇ ಕೂತ.

"ಅಕ್ಕ, ನನಗೆ ಆ ಕೆಲ್ಸ ಕೊಟ್ಟಿದ್ದೇ ನಿನ್ನ ಹೆಸರಿನ ಮೇಲೆ. ಜೂನಿಗೆ ಮುಂದಿನ ವರ್ಷದ ಕೆಲ್ಸದ ಕಾಗದ ಮಾಡಿಕೊಡಬೇಕು ಅವರು."

"ನನ್ನ ಹೆಸರಲ್ಲಿ ಕೊಟ್ರೋ, ನಿನ್ನ ಲೈಸೆನ್ಸ್ ನೋಡಿ ಕೊಟ್ರೋ ನನಗೇನು ಗೊತ್ತು?"

"ಯಾರಿಗೂ ಗೊತ್ತಾಗೋದು ಬ್ಯಾಡ" ಎಂದಳು ಜಪಮಾಲಮ್ಮ. ಅಷ್ಟು ಹೊತ್ತಿಗೆ ಅವಳು ಎಲ್ಲವನ್ನೂ ನಿರ್ಧರಿಸಿ ಆಗಿತ್ತು. "ಸಿಸ್ಟರ್‌ಗೆ ಕಾಮಾಲೆ. ರೆಸ್ಟ್‌ಗೆ ಬಂದಾಳೆ. ಜೂನ್ ತನಕ ಇದೇ ಮಾತು. ಆಮೇಲೆ ನೋಡಾನ."

"ಅವ್ವ, ನನಗೆ ಕಾಮಾಲೆ ಇಲ್ಲ" ಎಂದಳು ಲೂರ್ದು.

"ಇಲ್ಲ ಅಂತ ಯಾರು ಹೇಳಿದ್ರು? ಮುಖ ನೋಡ್ಕೊ, ಹೆಂಗೆ ಬಿಳಿಚಿಕೊಂಡೈತೆ."

ಕಾಮಾಲೆಯ ಸುದ್ದಿ ಓಣಿಯಲ್ಲಿ ಹರಡಲು ಒಂದು ದಿನವೂ ಬೇಕಾಗಲಿಲ್ಲ. ಪಕ್ಕದ ಮನೆಯ ಮೆಹರ್ ಬಾನು, ವೆಲ್ಡಿಂಗ್ ಅಂಗಡಿಯ ಗೌಸ್ ಪೀರ್‌ನ ಹೆಂಡತಿ, ಮಾರನೆಯ ಬೆಳಿಗ್ಗೆಯೇ ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ತಂದಳು. ಖಾಲಿ ಹೊಟ್ಟೆಯಲ್ಲಿ ಮೂರು ದಿನ ಕುಡಿಯಬೇಕು, ತಾನೇ ನಿಂತು ಕುಡಿಸುತ್ತೇನೆ ಎಂದಳು. ಲೂರ್ದು ತಾಯಿಯ ಮುಖ ನೋಡಿ ಎರಡು ದಿನ ಕುಡಿದಳು. ಮೂರನೆಯ ದಿನ ಲೋಟ ಕೆಳಗಿಟ್ಟು, "ಆಪಾ, ನನಗೆ ಯಾವ ಕಾಯಿಲೆನೂ ಇಲ್ಲ. ಕಾನ್ವೆಂಟ್ ಬಿಟ್ಟು ಬಂದೀನಿ" ಎಂದಳು.

ಮೆಹರ್ ಬಾನು ಲೋಟದೊಳಗೆ ಇಣುಕಿದಳು. "ಮತ್ತೆ ಎರಡು ದಿನ ಆ ಕಹಿ ಯಾಕ ಕುಡಿದೆ ತಾಯಿ?"

"ಅವ್ವ ನಿಂತಿದ್ಲು."

ಮೆಹರ್ ಬಾನು ನಕ್ಕು, ಲೋಟ ಎತ್ತಿಕೊಂಡು ಹೋದಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮರುದಿನ ಒಂದು ಬಟ್ಟಲು ಸಿಹಿ ಶಾವಿಗೆ ಕಳಿಸಿದಳು.

ಗುಟ್ಟು ಹೊರಬಿದ್ದದ್ದು ಮುಂದಿನ ವಾರವೇ, ಅದೂ ಮನೆಯೊಳಗೇ. ಆ ಮಂಗಳವಾರದ ಜಪಸರವನ್ನು ಹೆಂಗಸರೆಲ್ಲ ತಾವಾಗಿಯೇ ಜಪಮಾಲಮ್ಮನ ಮನೆಯಲ್ಲಿ ಇಟ್ಟುಕೊಂಡರು. ಕಾಯಿಲೆ ಬಿದ್ದ ಸಿಸ್ಟರ್‌ಗೋಸ್ಕರ ಎಂದರು. ಬೇಡ ಎನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಹದಿನಾಲ್ಕು ಜನ ನಡುಮನೆಯಲ್ಲಿ ಒತ್ತಿಕೊಂಡು ಮೊಣಕಾಲೂರಿದರು. ಲೂರ್ದು ಗೋಡೆಯ ಪಕ್ಕ ಕೂತಿದ್ದಳು. ಹತ್ತು ಹತ್ತು ಮಣಿಗಳ ಐದು ಸುತ್ತು ಮುಗಿದ ಮೇಲೆ ಸ್ಟೆಲ್ಲಮ್ಮ, ಗುಂಪಿನಲ್ಲಿ ಜಪಮಾಲಮ್ಮನ ನಂತರದವಳು, ಕೈ ಚಾಚಿ ಗಟ್ಟಿಯಾಗಿ, "ಪ್ರಭುವೇ, ಕಾಮಾಲೆಯಿಂದ ನರಳುತ್ತಿರುವ ನಿನ್ನ ದಾಸಿಯನ್ನು ಗುಣಪಡಿಸಿ, ಮತ್ತೆ ನಿನ್ನ ಸೇವೆಗೆ ಕಳುಹಿಸು" ಎಂದಳು.

"ಸ್ಟೆಲ್ಲಕ್ಕ" ಎಂದಳು ಲೂರ್ದು. "ನನಗಾಗಿ ಬೇಡಿಕೊಳ್ರಿ. ಬೇಕು ನನಗೆ. ಆದ್ರೆ ಕಾಮಾಲೆಗೆ ಬ್ಯಾಡ. ನಾನು ಸಿಸ್ಟರ್‌ಗಳ ಸಭೆ ಬಿಟ್ಟು ಬಂದೀನಿ. ಇನ್ನು ವಾಪಸ್ ಹೋಗಲ್ಲ."

ಯಾರೋ ಕೆಮ್ಮಿದರು. ಜಪಮಾಲಮ್ಮ ಕೈಯಲ್ಲಿದ್ದ ಜಪಸರದ ಶಿಲುಬೆಯನ್ನೇ ನೋಡುತ್ತಿದ್ದಳು. ಹೆಂಗಸರು ಶಾಂತಲಾ ಕೊಟ್ಟ ಚಹಾವನ್ನು ಬೇಗ ಬೇಗ ಕುಡಿದು ಎದ್ದರು. ಬಾಗಿಲಲ್ಲಿ ಸ್ಟೆಲ್ಲಮ್ಮ ಜಪಮಾಲಮ್ಮನ ಕೈ ಹಿಡಿದು, "ದೇವರು ತನಗೆ ಬೇಕಾದವರನ್ನೇ ಪರೀಕ್ಷೆ ಮಾಡೋದು, ಅಕ್ಕ. ಧೈರ್ಯ ತಗೊಳ್ರಿ" ಎಂದಳು.

ಈ ಮಾತನ್ನು ಜಪಮಾಲಮ್ಮ ಸಾವಿನ ಮನೆಗಳಲ್ಲಿ, ಗಂಡ ಬಿಟ್ಟುಹೋದವರ ಮನೆಗಳಲ್ಲಿ, ಏನಿಲ್ಲವೆಂದರೂ ಇಪ್ಪತ್ತು ಸಲ ಹೇಳಿದ್ದಳು. ಕೇಳುವವರ ಕಿವಿಗೆ ಅದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಮಗಳ ಮೇಲೆ ಹರಿಹಾಯ್ದಳು. "ಅಷ್ಟು ಜನದ ಮುಂದೆ ನನ್ನ ಮಾನ ಕಳೆದ್ಯಲ್ಲೇ!"

"ಅವರು ಮೊಣಕಾಲೂರಿ ದೇವರಿಗೆ ಸುಳ್ಳು ಹೇಳ್ತಿದ್ರವ್ವ. ಪಾಪ, ಅವರಿಗೆ ಗೊತ್ತೂ ಇರಲಿಲ್ಲ."

"ನಿನ್ನ ಸತ್ಯ ನೀನೇ ಇಟ್ಕೊ. ನಾನು ಈ ಊರಾಗೆ ಬಾಳ್ವೆ ಮಾಡಬೇಕು."

"ಅತ್ತೆ, ಅನು ಊಟ ಮಾಡ್ತಾ ಅದಾಳೆ. ಸ್ವಲ್ಪ ಮೆಲ್ಲಗೆ ಬೈರಿ" ಎಂದಳು ಅಡುಗೆಮನೆಯಿಂದ ಶಾಂತಲಾ.

"ನೀನು ಸುಮ್ನಿರು."

"ಆರು ವರ್ಷ ಸುಮ್ನೇ ಇದ್ದೆ. ನಾನೆಲ್ಲಾದ್ರೂ ಮುಖ ಸಣ್ಣದು ಮಾಡಿದ್ರೆ, ನನ್ನ ಮಗಳು ದೇವರ ಸೇವೆ ಮಾಡ್ತಾಳೆ, ನಿನಗೆ ಎರಡು ಪಾತ್ರೆ ತೊಳಿಯೋಕೆ ಭಾರನಾ ಅಂತಿದ್ರಿ. ಈಗ ಬೆಳಿಗ್ಗೆ ನಾನು ಏಳೋದ್ರೊಳಗೆ ಅಕ್ಕ ಪಾತ್ರೆ ತೊಳಿದಿಟ್ಟಿರ್ತಾರೆ. ನನಗಂತೂ ಚಲೋನೇ ಆತು."

ಆ ಮನೆಯಲ್ಲಿ ಸೊಸೆ ಲೂರ್ದುವನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು. ಯಾರೂ ಗಮನಿಸಿದಂತೆ ಕಾಣಲಿಲ್ಲ.

ರಾಜಕುಮಾರ್ ಎರಡು ದಿನ ಒದ್ದಾಡಿ, ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ತಾನೇ ಹೇಳುವುದು ವಾಸಿ ಎಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹತ್ತಿರ ಹೋದ. ಸಂಜೆ ಬಂದು ಚಪ್ಪಲಿ ಬಿಡುತ್ತಲೇ ತಲೆ ಕೆರೆದುಕೊಂಡ.

"ಏನಂದ್ರು?" ಎಂದಳು ಜಪಮಾಲಮ್ಮ.

"ವ್ಯಾನ್ ಓಡಿಸೋದು ನೀನಾ, ನಿನ್ನ ಅಕ್ಕಾನಾ ಅಂದ್ರು. ನಾನೇ ಅಂದೆ. ಹಂಗಿದ್ರೆ ಹೋಗಿ ಮುಂದಿನ ಟೈರ್ ನೋಡು, ಸವೆದೈತೆ ಅಂದ್ರು." ಚಪ್ಪಲಿಯನ್ನು ಮೂಲೆಗೆ ಸರಿಸಿ, "ಅಕ್ಕ ಆರಾಮ್ ಅದಾಳಾ ಅಂತ ಕೇಳಿದ್ರು. ನನಗೆ ಏನು ಹೇಳಬೇಕು ಗೊತ್ತಾಗ್ಲಿಲ್ಲ. ನಾನು ಕೇಳೇ ಇಲ್ಲ ಅವಳನ್ನ" ಎಂದ.

ಮಗನ ಕೆಲಸ ಉಳಿಯಿತು. ಆದರೆ ಮುಂದಿನ ಮಂಗಳವಾರ ಸ್ಟೆಲ್ಲಮ್ಮ ಫೋನು ಮಾಡಿ, "ನಿಮಗೂ ಮನೇಲಿ ತೊಂದ್ರೆ ಐತಲ್ಲಕ್ಕ, ಸ್ವಲ್ಪ ದಿನ ಆರಾಮ ಮಾಡ್ರಿ, ಜಪಸರ ನಾನು ನೋಡ್ಕೋತೀನಿ" ಎಂದಳು. ಮಾತಿನಲ್ಲಿ ಮರ್ಯಾದೆಯೇ ಇತ್ತು. ಜಪಮಾಲಮ್ಮ ಫೋನಿಟ್ಟು ಅಕ್ಕಿ ಆರಿಸಲು ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಇನ್ನೊಂದು ಸಲ ಆರಿಸಿದಳು. ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಿನ ಅವಳ ಜಾಗವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅವಳೇ ಅಲ್ಲಿಗೆ ಹೋಗದೆ ಕಂಬದ ಮರೆಗೆ ಕೂತಳು.

ಅಂದಿನಿಂದ ಮಗಳ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಮೊಮ್ಮಗಳ ಮೂಲಕ ಹೇಳಿಸುತ್ತಿದ್ದಳು. "ಅನು, ನಿಮ್ಮ ಅತ್ತೆಗೆ ಹೇಳು, ನಲ್ಲಿ ಬಂದೈತೆ." ಅನು ಎರಡು ಹೆಜ್ಜೆ ಓಡಿ ಹೋಗಿ, "ಅತ್ತೆ, ನಲ್ಲಿ ಬಂದೈತೆ" ಎನ್ನುವಳು. ಲೂರ್ದು ಬಿಂದಿಗೆ ಎತ್ತಿಕೊಳ್ಳುವಳು. ಮಗುವಿಗೆ ಇದು ಆಟದ ಹಾಗೆ ಹಿಡಿಸಿತ್ತು.

ಚೌರಪ್ಪ ಮಾತಿಗಿಂತ ಕಾಲಿನಲ್ಲಿ ಕೆಲಸ ಮಾಡುವವನು. ಬಿ.ಪಿ. ಗುಳಿಗೆಗೆಂದು ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿಗೆ ಹೋದಾಗ ಮಗಳಿಗೊಂದು ಕೆಲಸಕ್ಕೆ ಅಲ್ಲಿಯ ಕಾಂಪೌಂಡರ್ ಹತ್ತಿರ ವಿಚಾರಿಸಿ ಬಂದ. ಕಾನ್ವೆಂಟಿನಲ್ಲಿದ್ದಾಗ ವೃದ್ಧಾಶ್ರಮದಲ್ಲಿ ದುಡಿದಿದ್ದ ಮಗಳಿಗೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಬರುತ್ತಿತ್ತು. ಅದೇ ಬಡಾವಣೆಯಲ್ಲಿ ಜವಳಿ ಅಂಗಡಿಯ ಕುಬೇರಪ್ಪ ಎಂಬುವವನ ತಾಯಿ ಭೀಮವ್ವ, ಎಂಬತ್ತೆರಡು ವರ್ಷದವಳು, ಬಚ್ಚಲಲ್ಲಿ ಜಾರಿ ಬಿದ್ದು ಮಲಗಿದ್ದಳು. ಮಗ ಸೊಸೆ ಇಬ್ಬರೂ ಹತ್ತು ಗಂಟೆಗೆ ಅಂಗಡಿಗೆ ಹೋಗುವವರು. ಹಗಲೊತ್ತು ಇರಲು ಒಬ್ಬರು ಬೇಕಾಗಿತ್ತು.

"ದೇವರ ಮನೆ ಬಿಟ್ಟು ಬಂದು ಇನ್ನೊಬ್ಬರ ಹೇಲು ಉಚ್ಚೆ ಬಳಿಯಾಕೆ ಹೋಗ್ತಾಳಂತ, ಕೇಳಿದ್ರಾ?" ಎಂದಳು ಜಪಮಾಲಮ್ಮ ಗಂಡನಿಗೆ, ಮಗಳಿಗೆ ಕೇಳುವಂತೆ.

"ಅಲ್ಲೂ ಅದನ್ನೇ ಮಾಡ್ತಿದ್ಲು. ಅವಾಗ ನೀನು ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ" ಎಂದ ಚೌರಪ್ಪ, ಪೇಪರಿನಿಂದ ತಲೆ ಎತ್ತದೆ.

ಲೂರ್ದು ದಿನಾ ಎಂಟೂವರೆಯ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಬರತೊಡಗಿದಳು. ಹೀಗೆ ಮೂರು ವಾರ ಕಳೆಯಿತು. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲ ಮುಗಿಯುತ್ತ ಬಂದಿತ್ತು. ಒಂದು ಸೋಮವಾರ ಬೆಳಿಗ್ಗೆ ಅವಳು ಎದ್ದು ತಲೆ ಬಾಚಿಕೊಳ್ಳುತ್ತಿದ್ದವಳು ಗೋಡೆ ಹಿಡಿದು ಕೂತುಬಿಟ್ಟಳು. ಶಾಂತಲಾ ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು. ಕುಬೇರಪ್ಪನಿಗೆ ಫೋನು ಮಾಡಿದರೆ, "ಇವತ್ತೇ ಮದುವಿ ಜವಳಿಯವರು ಬರೋರದಾರಲ್ರಿ, ಅಂಗಡಿ ಬಿಡಂಗಿಲ್ಲ. ನಮ್ಮವ್ವ ಒಬ್ಬಳೇ ಆಗ್ತಾಳೆ" ಎಂದ. ಲೂರ್ದು ಮತ್ತೆ ಬಾಚಣಿಗೆ ಎತ್ತಿಕೊಂಡಳು.

"ಅನು" ಎಂದಳು ಜಪಮಾಲಮ್ಮ. "ನಿಮ್ಮ ಅತ್ತೆಗೆ ಹೇಳು, ಮಲಗು ಅಂತ. ದಾರಿಯಾಗೆ ಬಿದ್ರೆ ಅದನ್ನೂ ಜನ ನನ್ನ ತಲೆಗೇ ಕಟ್ತಾರೆ. ನಾನು ಹೋಗ್ತೀನಿ."

"ಅಜ್ಜಿಗೆ ಬಿಸಿನೀರಾಗೆ ಮೈ ಒರೆಸಬೇಕು" ಎಂದಳು ಲೂರ್ದು ಮಲಗಿದಲ್ಲಿಂದಲೇ. "ಬೆನ್ನಿಗೆ ಪೌಡರ್ ಹಾಕಬೇಕು. ಪೂಜಿ ಆಗೋತನಕ ನೀರು ಸಹಿತ ಮುಟ್ಟಲ್ಲ ಅವರು. ಆಮೇಲೆ ರೊಟ್ಟಿ ಹಾಲಾಗೆ ನೆನೆಸಿ ಕೊಡಬೇಕು."

ಭೀಮವ್ವ ಸಣ್ಣ ಆಳು. ಮಂಚದ ಮೇಲೆ ಮಡಿಸಿಟ್ಟ ಬಟ್ಟೆಯ ಹಾಗೆ ಕಾಣುತ್ತಿದ್ದಳು. "ಯಾರವ್ವ ನೀನು?" ಎಂದು ಕೇಳಿದಾಗ ಜಪಮಾಲಮ್ಮ, "ಲೂರ್ದು ತಾಯಿ" ಎಂದಳು. ಹೇಳಿದ ಮೇಲೆ ಆ ಎರಡು ಶಬ್ದ ಅವಳ ಕಿವಿಗೇ ಹೊಸದಾಗಿ ಕೇಳಿಸಿದವು.

ಮೈ ಒರೆಸಿ, ಸೀರೆ ಬದಲಿಸಿ, ದಿಂಬು ಒರಗಿಸಿ ಕೂರಿಸುವಷ್ಟರಲ್ಲಿ ಹತ್ತೂವರೆ ಆಯಿತು. ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡಳು. ಕೈ ಗಡಗಡ ನಡುಗುತ್ತಿತ್ತು. ಮೇಲೆ ಇನ್ನೊಂದು ಕೈ ಮುಚ್ಚಿ ಹಿಡಿದುಕೊಂಡೇ, "ಬಾ, ಕೈ ಹಿಡಿ" ಎಂದಳು.

"ಏನು ಹಿಡೀಬೇಕು?"

"ನಿನ್ನ ಮಗಳು ಹೇಳಲಿಲ್ಲೇನು? ನನಗೆ ಕೈ ನಡುಕ. ಲಿಂಗ ನಿಲ್ಲಂಗಿಲ್ಲ. ಸೊಸಿ ಹಿಡಿತಿದ್ಲು, ಪಾಪ ಅವಳಿಗೆ ಅಂಗಡಿ ಹೊತ್ತಾಗ್ತೈತೆ, ಎರಡು ನಿಮಿಷಕ್ಕೆ ಮುಗಿಸಬೇಕಿತ್ತು. ಲೂರ್ದು ಬಂದಮ್ಯಾಲೆ ಸಮಾಧಾನದಾಗೆ ಕೂಡ್ತೀನಿ."

ಜಪಮಾಲಮ್ಮನ ಕೈ ಮಡಿಲಲ್ಲೇ ಇತ್ತು. "ನಾವು ಕ್ರೈಸ್ತರು ಅಜ್ಜಿ."

"ಗೊತ್ತೈತೆ. ಲಿಂಗ ಮುಟ್ಟು ಅಂತ ಯಾರು ಹೇಳಿದ್ರು? ನನ್ನ ಕೈ ಕೆಳಗೆ ನಿನ್ನ ಕೈ ಇಡು. ನಿನ್ನ ದೇವರ ಹೆಸರು ನೀನು ಹೇಳ್ಕೊ, ನನ್ನದು ನಾನು ಹೇಳ್ಕೊತೀನಿ."

ಸ್ಟೆಲ್ಲಮ್ಮ ನೋಡಿದರೆ ಏನಂದಾಳು ಎಂಬುದು ಜಪಮಾಲಮ್ಮನಿಗೆ ಮೊದಲು ಬಂದ ಯೋಚನೆ. ಚರ್ಚಿನ ಸ್ವಾಮಿಗಳು ಏನಂದಾರು ಎಂಬುದು ಎರಡನೆಯದು. ಅಜ್ಜಿ ಕಾಯುತ್ತಿದ್ದಳು. ಅವಳ ತುಟಿ ಒಣಗಿ ಬಿರಿದಿತ್ತು. ಮುಂಜಾನೆಯಿಂದ ಒಂದು ಹನಿ ನೀರು ಮುಟ್ಟಿರಲಿಲ್ಲ. ಜಪಮಾಲಮ್ಮ ಸ್ಟೂಲು ಎಳೆದುಕೊಂಡು ಕೂತು, ಆ ಕೈಯ ಕೆಳಗೆ ತನ್ನ ಕೈ ಇಟ್ಟಳು.

ನಡುಕ ಮೊದಲು ಅವಳ ಮಣಿಕಟ್ಟಿಗೂ ಹತ್ತಿತು. ಆಮೇಲೆ ನಿಧಾನವಾಗಿ ನಿಂತಿತು. ಅಜ್ಜಿ ಕಣ್ಣು ಮುಚ್ಚಿದಳು. ಜಪಮಾಲಮ್ಮ ಮನಸ್ಸಿನಲ್ಲೇ ಜಪಸರ ಹೇಳಿಕೊಳ್ಳಲು ಹೊರಟು ನಾಲ್ಕನೆಯ ಮಣಿಗೇ ಲೆಕ್ಕ ತಪ್ಪಿದಳು. ಮತ್ತೆ ಶುರು ಮಾಡಿ ಮತ್ತೆ ತಪ್ಪಿದಳು. ಮೂವತ್ತು ವರ್ಷದಿಂದ ಅವಳು ಜಪವನ್ನು ಹತ್ತಾರು ಜನರ ಮುಂದೆ ಗಟ್ಟಿ ದನಿಯಲ್ಲಿ ಹೇಳಿದವಳು. ಯಾರೂ ಕೇಳದ ಕಡೆ ಹೇಗೆ ಹೇಳುವುದು ಎಂಬುದು ಮರೆತೇಹೋಗಿತ್ತು. ಹೊರಗೆ ಆಟೋಗಳ ಸದ್ದು, ಯಾರದೋ ಕುಕ್ಕರಿನ ಸಿಳ್ಳೆ. ಕೈ ಜೋಮು ಹಿಡಿಯಿತು. ತೆಗೆದರೆ ಅಜ್ಜಿಯ ಕೈ ನಡುಗುತ್ತದೆ. ಅದಕ್ಕೇ ತೆಗೆಯಲಿಲ್ಲ. ಕಾಲು ಗಂಟೆ ಹಾಗೇ ಕೂತಳು. ಕೊನೆಗೆ ಅವಳ ಮನಸ್ಸಿಗೆ ಬಂದದ್ದು ಇಷ್ಟೇ: ದೇವರೇ, ನನಗೆ ನಾಚಿಕೆ ಆಗಿತ್ತು.

ಲಿಂಗವನ್ನು ಕರಡಿಗೆಗೆ ಸೇರಿಸಿ, ನೀರು ಕುಡಿದು, ಹಾಲಿನಲ್ಲಿ ನೆನೆದ ರೊಟ್ಟಿ ತಿನ್ನುತ್ತ ಭೀಮವ್ವ ಹೇಳಿದಳು: "ನಿನ್ನ ಮಗಳು ಹಿಂಗೆ ಕೈ ಹಿಡಿದು ಕೂತಾಗ ಕಣ್ಣೀರು ಹಾಕ್ತಾಳೆ. ಮೊದಮೊದಲು ಭಾಳ ದುಃಖದಾಗೆ ಅಳೋಳು. ಈಗೀಗ ಹಂಗಲ್ಲ, ಬ್ಯಾರೆ ಐತೆ. ನಾನು ಏನು ಎತ್ತ ಅಂತ ಕೇಳಿಲ್ಲ. ನೀನು ತಾಯಿ, ನಿನಗೆ ಹೇಳಿರ್ತಾಳೆ."

"ಹ್ಞೂಂ" ಎಂದಳು ಜಪಮಾಲಮ್ಮ.

ಸಂಜೆ ಮನೆಗೆ ಬಂದಾಗ ಲೂರ್ದು ಗಂಜಿ ಕುಡಿದು ಕೂತಿದ್ದಳು. ಜ್ವರ ಇಳಿದಿತ್ತು. ಅನು ಸಂದೇಶಕ್ಕಾಗಿ ಇಬ್ಬರ ನಡುವೆ ಬಂದು ನಿಂತಳು.

"ಅಜ್ಜಿ ಪೂಜಿ ಆತಾ?" ಎಂದಳು ಲೂರ್ದು.

"ಆತು" ಎಂದಳು ಜಪಮಾಲಮ್ಮ, ನೇರವಾಗಿ ಮಗಳಿಗೇ. "ಕೈ ಹಿಡಿದೆ."

ಅನು ಇಬ್ಬರ ಮುಖವನ್ನೂ ನೋಡಿ, ತನಗೆ ಕೆಲಸವಿಲ್ಲವೆಂದು ತಿಳಿದು ಅಂಗಳಕ್ಕೆ ಹೋದಳು.

"ನಾನು ಹೇಳಿದ್ರೆ ನೀನು ಹೋಗ್ತಿರಲಿಲ್ಲ. ಅದಕ್ಕೆ ಹೇಳ್ಲಿಲ್ಲ" ಎಂದಳು ಲೂರ್ದು.

"ಹೋಗ್ತಿರಲಿಲ್ಲ." ಜಪಮಾಲಮ್ಮ ಬಸ್ಸಿನ ಧೂಳು ತೊಳೆಯಲು ಬಚ್ಚಲಿಗೆ ಹೊರಟವಳು ಬಾಗಿಲಲ್ಲೇ ನಿಂತಳು. "ಗೋಡೆ ಮುಂದೆ ಕೂತಂಗೆ ಆಗ್ತೈತೆ ಅಂದಿದ್ದೆ. ಈಗ?"

"ಗೋಡೆ ಐತವ್ವ, ಇಲ್ಲ ಅನ್ನಲ್ಲ. ಆದ್ರೆ ಆ ಕಡೆ ಯಾರೋ ಅದಾರೆ ಅಂತ ಒಂದೊಂದು ದಿನ ಗೊತ್ತಾಗ್ತೈತೆ. ಅಷ್ಟು ಸಾಕು ಸದ್ಯಕ್ಕೆ."

ಪವಿತ್ರ ವಾರದಲ್ಲಿ ಜಪಮಾಲಮ್ಮ ಪಾಪನಿವೇದನೆಗೆ ಹೋಗಿ ಬಂದಳು. ಏನು ಹೇಳಿದಳು, ಸ್ವಾಮಿಗಳು ಏನಂದರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಶುಭ ಶುಕ್ರವಾರದ ಶಿಲುಬೆ ಹಾದಿಯ ಮೆರವಣಿಗೆಯಲ್ಲಿ ಸ್ಟೆಲ್ಲಮ್ಮ ಮುಂದೆ ನಿಂತು ಹಾಡು ಎತ್ತಿಕೊಟ್ಟಳು. ಅವಳಿಗೆ ಮೇಲಿನ ಸ್ವರ ಸಿಗುತ್ತಿರಲಿಲ್ಲ. ಜಪಮಾಲಮ್ಮ ಹಿಂದೆ ಮಗಳು, ಸೊಸೆಯ ಜೊತೆ ನಡೆದಳು. ಪಾಸ್ಕದ, ಅಂದರೆ ಈಸ್ಟರ್ ದಿನ, ನಲವತ್ತು ದಿನಗಳ ಮೇಲೆ ಮನೆಯಲ್ಲಿ ಕೋಳಿ ಸಾರು ಕುದಿಯಿತು. ಮೊದಲ ಬಟ್ಟಲು ಮೆಹರ್ ಬಾನುವಿನ ಮನೆಗೆ ಬೇಡವೆಂದು ಶಾಂತಲಾ ನೆನಪಿಸಿದಳು, ಅವರಿಗೆ ಹಲಾಲ್ ಆಗಬೇಕು ಎಂದು. ಅವರಿಗೆ ಕೇಸರಿಬಾತು ಹೋಯಿತು.

ಅದಾದ ಮುಂದಿನ ವಾರ, ಲೂರ್ದುಗೆ ರಜೆ ಇದ್ದ ಭಾನುವಾರ ಮಧ್ಯಾಹ್ನ, ಸ್ಟೆಲ್ಲಮ್ಮ ಬಂದಳು. ಜೊತೆಗೆ ಪಿಯುಸಿ ಮುಗಿಸಿದ ಮಗಳು ಪ್ರಮೀಳಾ. ಸ್ಟೆಲ್ಲಮ್ಮ ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಬಿಸಿಲಿನ ಮಾತಾಡಿದಳು. ಆಮೇಲೆ ದನಿ ತಗ್ಗಿಸಿದಳು.

"ಅಕ್ಕ, ಇವಳು ಕಾನ್ವೆಂಟ್ ಸೇರ್ತೀನಿ ಅಂತ ಹಟ ಹಿಡಿದಾಳೆ. ಇವರಪ್ಪ ಬ್ಯಾಡ ಅಂತಾರೆ. ನನಗೂ ಒಂದು ಮನಸ್ಸು ಕಳಿಸಾನ ಅಂತೈತೆ, ಒಂದು ಮನಸ್ಸು ಹೆದರ್ತೈತೆ. ನಿಮ್ಮನ್ನ ಬಿಟ್ರೆ ಯಾರನ್ನ ಕೇಳ್ಲಿ? ಹನ್ನೊಂದು ವರ್ಷ ಹೆಂಗಿತ್ತು, ಹೇಳ್ರಿ."

ಜಪಮಾಲಮ್ಮ ಚಹಾಕ್ಕೆ ಹಾಲು ಕಾಯಿಸುತ್ತಿದ್ದವಳು ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದಳು.

"ನನಗೆ ಭಾಳ ಚಲೋ ಇತ್ತು ಸ್ಟೆಲ್ಲಾ" ಎಂದಳು. "ಅವಳಿಗೆ ಹೆಂಗಿತ್ತು ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲ."

ಹಿತ್ತಲಲ್ಲಿ ಬಟ್ಟೆ ಹಿಂಡುವ ಸದ್ದು ಬರುತ್ತಿತ್ತು.

"ಲೂರ್ದು" ಎಂದು ಕರೆದಳು. "ಕೈ ಒರೆಸ್ಕೊಂಡು ಬಾ. ಈ ಹುಡುಗಿ ಏನೋ ಕೇಳಬೇಕಂತೆ."

ಲೂರ್ದು ಬಂದು ಪ್ರಮೀಳಾಳ ಎದುರಿಗೆ ಚಾಪೆಯ ಮೇಲೆ ಕೂತಳು. ಜಪಮಾಲಮ್ಮ ಒಳಗೆ ಹೋಗಿ ಒಲೆ ಆರಿಸಿ ಬಂದು, ಮಗಳ ಮಾತು ಸರಿಯಾಗಿ ಕೇಳಿಸುವಷ್ಟು ಹತ್ತಿರದಲ್ಲಿ ತಾನೂ ಕೂತಳು.